ಶಿಕ್ಷೆ ಆಯ್ತು, ಉತ್ತರ ಸಿಗಲಿಲ್ಲ

ಅಪರಾಧಕ್ಕೆ ಒಳಗಾದವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅವರ ತಲೆಯಲ್ಲಿ ಹಗಲೂ ರಾತ್ರಿ ಸುತ್ತುತ್ತಿರುವುದು ಪ್ರಶ್ನೆಗಳು. ನಾನೇ ಯಾಕೆ? ಮೊದಲಿಂದಲೂ ನನ್ನ ಮೇಲೆ ಕಣ್ಣಿಟ್ಟಿದ್ದನಾ? ಹೊರಗೆ ಬಂದ ಮೇಲೆ ಮತ್ತೆ ನನ್ನನ್ನು ಹುಡುಕಿಕೊಂಡು ಬರುತ್ತಾನಾ? ಕೊನೆಯ ಗಳಿಗೆಯಲ್ಲಿ ನನ್ನ ಮಗ ಏನಾದರೂ ಹೇಳಿದನಾ? ಈ ಕೊನೆಯದು ಕೊಲೆಯಾದವರ ತಂದೆ ತಾಯಿ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿರುವ ಮನುಷ್ಯ ಎಷ್ಟೋ ಸಲ ಲೋಕದಲ್ಲಿ ಒಬ್ಬನೇ ಇರುತ್ತಾನೆ. ಅವನನ್ನು ಕೇಳುವ ದಾರಿ ಮಾತ್ರ ಇರುವುದಿಲ್ಲ.

ನನ್ನ ಗೆಳತಿಯೊಬ್ಬಳ ಮನೆಗೆ ರಾತ್ರಿ ಕಳ್ಳ ನುಗ್ಗಿದ್ದ. ಅವಳು ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಆಮೇಲೆ ಆತ ಸಿಕ್ಕಿಬಿದ್ದ, ಕೇಸು ನಡೆಯಿತು, ಶಿಕ್ಷೆಯೂ ಆಯಿತು. ಹೋದ ವಸ್ತುಗಳಲ್ಲಿ ಒಂದಷ್ಟು ವಾಪಸ್ಸೂ ಬಂದವು. ನಿನ್ನ ಪುಣ್ಯ, ಎಷ್ಟೋ ಜನಕ್ಕೆ ಇಷ್ಟೂ ಆಗುವುದಿಲ್ಲ ಅಂತ ಎಲ್ಲರೂ ಅಂದರು. ಅವಳನ್ನು ಕಾಡುತ್ತಿದ್ದದ್ದೇ ಬೇರೆ. ನಾನು ಮಲಗಿದ್ದ ಕೋಣೆಯ ಬಾಗಿಲವರೆಗೂ ಬಂದಿದ್ದನಾ? ನಿಂತು ನನ್ನನ್ನು ನೋಡಿದ್ದನಾ? ಕೋರ್ಟಿನಲ್ಲಿ ಅವಳು ಬರೀ ಸಾಕ್ಷಿ. ಕೇಳಿದ್ದಕ್ಕೆ ಉತ್ತರ ಹೇಳಬೇಕು, ತಾನಾಗಿ ಏನೂ ಕೇಳುವ ಹಾಗಿಲ್ಲ. ಆತ ನಾಲ್ಕು ಮಾರು ದೂರದಲ್ಲೇ ನಿಂತಿದ್ದ. ಕೇಸು ಮುಗಿದ ಮೇಲೂ ಅವಳು ಆ ಕೋಣೆಯಲ್ಲಿ ಮಲಗಲಿಲ್ಲ.

ರೆಸ್ಟೋರೇಟಿವ್ ಜಸ್ಟಿಸ್ ಬಗ್ಗೆ ನಾನು ಓದಲು ಶುರು ಮಾಡಿದ್ದು ಅವಳಿಂದಾಗಿ. ಆದ ಗಾಯವನ್ನು ಮಾಯಿಸುವುದೇ ನ್ಯಾಯದ ಮುಖ್ಯ ಕೆಲಸ ಅನ್ನುವ ಆಲೋಚನೆ ಇದು. ಅದಕ್ಕಾಗಿ ನೋವು ಉಂಡವರನ್ನೂ ತಪ್ಪು ಮಾಡಿದವರನ್ನೂ, ಇಬ್ಬರೂ ಒಪ್ಪಿದರೆ, ಎದುರುಬದುರು ಕೂರಿಸಿ ಮಾತಾಡಿಸುತ್ತಾರೆ. ಯಾವ ಕಾನೂನು ಮುರಿಯಿತು, ಮುರಿದವರು ಯಾರು, ಅವರಿಗೆ ಎಷ್ಟು ಶಿಕ್ಷೆ ಅಂತ ಕೋರ್ಟು ಕೇಳುತ್ತದೆ. ಇಲ್ಲಿ ಕೇಳುವುದು ಬೇರೆ. ನೋವಾಗಿದ್ದು ಯಾರಿಗೆ? ಅವರಿಗೆ ಈಗ ಏನು ಬೇಕು? ಅದನ್ನು ಕೊಡುವ ಹೊಣೆ ಯಾರ ಮೇಲಿದೆ? ಅಮೆರಿಕದ ಹವರ್ಡ್ ಝೆಹರ್ 1990ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ವ್ಯತ್ಯಾಸವನ್ನು ವಿವರಿಸಿದರು. ಅಲ್ಲಿಂದೀಚೆಗೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳಿಂದ ಶುರು ಮಾಡುತ್ತಾರೆ.

ಕೋರ್ಟನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಆರೋಪಿಗೆ ಬಾಯಿ ಮುಚ್ಚಿಕೊಂಡಿರುವ ಹಕ್ಕು ಇರಲೇಬೇಕು. ಅದಿಲ್ಲದಿದ್ದರೆ ಹೊಡೆದು ಬಡಿದು ಬಾಯಿ ಬಿಡಿಸುವವರನ್ನು ತಡೆಯುವುದು ಕಷ್ಟ. ಏನೂ ಒಪ್ಪಿಕೊಳ್ಳಬೇಡ ಅಂತ ವಕೀಲರು ಹೇಳುವುದೂ ಅವರ ಕೆಲಸವೇ. ತಪ್ಪು ಮಾಡದವನನ್ನು ಕಾಪಾಡಲು ಇದೆಲ್ಲ ಬೇಕು. ಆದರೆ ನಿಜಕ್ಕೂ ತಪ್ಪು ಮಾಡಿದವನ ಮೇಲೂ ಇದರ ಪರಿಣಾಮ ಆಗುತ್ತದೆ. ವರ್ಷಗಟ್ಟಲೆ ನಾನಲ್ಲ, ನಾನಲ್ಲ ಅನ್ನುತ್ತಾ ಹೋದವನು ಕೊನೆಗೆ ತನ್ನ ಮಾತನ್ನು ತಾನೇ ನಂಬಿಬಿಡಬಹುದು. ಇನ್ನು ತಪ್ಪೊಪ್ಪಿಕೊಂಡರೆ? ಆಗಲೂ ಸಂತ್ರಸ್ತರಿಗೆ ಜಾಸ್ತಿ ಏನೂ ಸಿಗುವುದಿಲ್ಲ. ಒಪ್ಪಿಗೆ ದಾಖಲಾಗುತ್ತದೆ, ಪೂರ್ತಿ ವಿಚಾರಣೆ ನಡೆಯುವುದಿಲ್ಲ. ಆ ದಿನ ಏನಾಯಿತು ಅನ್ನುವುದು ಯಾರ ಬಾಯಿಂದಲೂ ಬರದೆ ಫೈಲು ಮುಚ್ಚಿಹೋಗುತ್ತದೆ.

ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲಿ ಒಂದು ಲೇಖನ ಬರೆದರು. ಅದರ ತಿರುಳು ಇಷ್ಟು. ಇಬ್ಬರ ನಡುವಿನ ವ್ಯಾಜ್ಯ ಆ ಇಬ್ಬರ ಸ್ವತ್ತು. ಅದನ್ನು ಸರ್ಕಾರವೂ ವಕೀಲರೂ ಸೇರಿ ಅವರ ಕೈಯಿಂದ ಕಸಿದುಕೊಂಡಿದ್ದಾರೆ. ಸಂತ್ರಸ್ತರು ಇಲ್ಲಿ ಎರಡು ಸಲ ಸೋಲುತ್ತಾರೆ, ಮೊದಲು ಅಪರಾಧಿಯ ಕೈಯಲ್ಲಿ, ಆಮೇಲೆ ತಮ್ಮದೇ ಕೇಸಿನಿಂದ ಹೊರಗೆ ಬಿದ್ದು. ನನ್ನ ಗೆಳತಿಗೆ ಆಗಿದ್ದು ಅಕ್ಷರಶಃ ಇದೇ. ನಾರ್ವೆಯಲ್ಲಿ ಇದು ಬರೀ ಲೇಖನವಾಗಿ ಉಳಿಯಲಿಲ್ಲ. ಊರೂರಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಮಂಡಳಿಗಳಿಗೆ 1991ರಲ್ಲಿ ಅಲ್ಲಿ ಕಾನೂನೇ ಬಂತು.

ಈ ವಿಷಯ ಎತ್ತಿದವರೆಲ್ಲ ಹೇಳುವ ಒಂದು ಘಟನೆ ಇದೆ. ಕೆನಡಾದ ಒಂಟಾರಿಯೊದಲ್ಲಿ ಎಲ್ಮೈರಾ ಅಂತ ಸಣ್ಣ ಊರು. 1974ರ ಒಂದು ರಾತ್ರಿ ಇಬ್ಬರು ಹುಡುಗರು ಕುಡಿದು ಊರೆಲ್ಲ ಹಾಳುಗೆಡವಿದರು. ಕಾರಿನ ಟೈರು ಕೊಯ್ದರು, ಕಿಟಕಿ ಗಾಜು ಒಡೆದರು. ಒಟ್ಟು 22 ಕಡೆ ನಷ್ಟ ಮಾಡಿದ್ದರು. ಇಬ್ಬರೂ ತಪ್ಪೊಪ್ಪಿಕೊಂಡರು. ಮಾರ್ಕ್ ಯಾಂಟ್ಸಿ ಅನ್ನುವ ಪ್ರೊಬೇಷನ್ ಅಧಿಕಾರಿಗೆ, ಅಂದರೆ ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವವರಿಗೆ, ಒಂದು ಯೋಚನೆ ಬಂತು. ಈ ಹುಡುಗರು ನಷ್ಟವಾದವರನ್ನು ಮುಖಾಮುಖಿ ನೋಡಿದರೆ ಹೇಗೆ? ಹಾಗೆಲ್ಲ ಮಾಡಲು ಕಾನೂನಿನಲ್ಲಿ ಯಾವ ಆಧಾರವೂ ಇರಲಿಲ್ಲ. ನ್ಯಾಯಾಧೀಶರು ಮೊದಲು ಆಗುವುದಿಲ್ಲ ಅಂದರಂತೆ. ಆಮೇಲೆ ಮನಸ್ಸು ಬದಲಿಸಿದರು.

ಹುಡುಗರು ಒಂದೊಂದೇ ಮನೆಯ ಬಾಗಿಲು ತಟ್ಟಿದರು. ಹಿಂದೆ ಯಾಂಟ್ಸಿ ಮತ್ತು ಅವರ ಜೊತೆಗಾರ ಡೇವ್ ವರ್ತ್ ನೋಟ್‌ಬುಕ್ ಹಿಡಿದು ನಿಂತಿದ್ದರು. ತಯಾರಿ ಅಂತ ಏನೂ ಇರಲಿಲ್ಲ. ಇವತ್ತಿನವರು ನೋಡಿದರೆ ಇದೇನು ಅಪಾಯದ ಕೆಲಸ ಅಂದಾರು, ಅದು ನಿಜವೂ ಹೌದು. ಆದರೂ ಕೆಲಸ ಆಯಿತು. ಕೆಲವೇ ತಿಂಗಳಲ್ಲಿ ನಷ್ಟ ತುಂಬಿಕೊಟ್ಟರು. ಆ ಇಬ್ಬರಲ್ಲಿ ಒಬ್ಬರ ಮುಂದಿನ ಕಥೆ ನನಗೆ ತುಂಬಾ ಇಷ್ಟ. ಸುಮಾರು ಮೂರು ದಶಕ ಕಳೆದ ಮೇಲೆ ಅವರು ಕಾಲೇಜು ಸೇರಿದ್ದರು. ತರಗತಿಗೆ ಬಂದ ಅತಿಥಿಯೊಬ್ಬರು ಎಲ್ಮೈರಾ ಘಟನೆಯ ಬಗ್ಗೆ ಹೇಳುತ್ತಿದ್ದಾಗ ಇವರಿಗೆ ಗೊತ್ತಾಯಿತು, ಇದು ನನ್ನದೇ ಕೇಸು, ಇದನ್ನು ಲೋಕವೆಲ್ಲ ಓದುತ್ತಿದೆ ಅಂತ. ಆಮೇಲೆ ಅವರು ಇದೇ ಕೆಲಸದಲ್ಲಿ ಸ್ವಯಂಸೇವಕರಾದರು. ಆ ಮನೆಗಳ ಬಾಗಿಲಲ್ಲಿ ನಿಂತದ್ದು ತಮ್ಮ ಬದುಕಿನ ಅತಿ ಕಷ್ಟದ ಕೆಲಸಗಳಲ್ಲಿ ಒಂದು ಅಂತ ಹೇಳಿಕೊಂಡಿದ್ದಾರೆ.

ಇದೆಲ್ಲ ಹೊಸದೇನಲ್ಲ ಅನ್ನುವ ಜನರೂ ಇದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳಲ್ಲಿ ಒಬ್ಬ ತಪ್ಪು ಮಾಡಿದರೆ ಅದು ಇಡೀ ಬಳಗದ ವಿಷಯ. ಎರಡೂ ಕಡೆಯವರು ಕೂತು ಬಗೆಹರಿಸಿಕೊಳ್ಳಬೇಕು. ಬ್ರಿಟಿಷರು ತಂದ ಕೋರ್ಟು ಅದನ್ನು ಪಕ್ಕಕ್ಕೆ ತಳ್ಳಿತು. ಮಾವೋರಿ ಮಕ್ಕಳು ಭಾರೀ ಸಂಖ್ಯೆಯಲ್ಲಿ ಮನೆಯಿಂದ ದೂರವಾಗಿ ಸರ್ಕಾರಿ ಸಂಸ್ಥೆಗಳ ಪಾಲಾದರು. ಅದರ ವಿರುದ್ಧ ಎದ್ದ ಕೂಗಿನಿಂದಲೇ 1989ರ ಹೊಸ ಕಾನೂನು ಬಂತು. ಹದಿಹರೆಯದವರು ಮಾಡಿದ ಗಂಭೀರ ಅಪರಾಧಗಳನ್ನೂ ಕುಟುಂಬದ ಸಭೆಗೆ ತರಬೇಕು ಅಂತ ಅದು ಹೇಳಿತು, ಕೊಲೆಯಂಥ ಕೇಸುಗಳನ್ನು ಬಿಟ್ಟು. ಸಭೆಗೆ ಹುಡುಗ, ಅವನ ಮನೆಯವರು, ಸಂತ್ರಸ್ತರು, ಪೊಲೀಸರು ಬರುತ್ತಾರೆ. ಎಲ್ಲರ ಮಾತು ಮುಗಿದ ಮೇಲೆ ಉಳಿದವರು ಹೊರಗೆ ಹೋಗುತ್ತಾರೆ. ಹುಡುಗ ಮತ್ತು ಮನೆಯವರು ಮಾತ್ರ ಕೂತು, ಈ ತಪ್ಪನ್ನು ಸರಿಮಾಡಲು ನಾವು ಏನು ಮಾಡುತ್ತೇವೆ ಅಂತ ಗೊತ್ತುಮಾಡಿ ವಾಪಸ್ ಬಂದು ಹೇಳಬೇಕು. ಈ ಒಂದು ಸಣ್ಣ ವಿವರದಲ್ಲಿ ಎಷ್ಟು ತಿಳಿವಳಿಕೆ ಇದೆ ನೋಡಿ. ಹೊರಗಿನವರ ಮುಂದೆ ಮಗನ ಪರ ವಹಿಸುವ ತಂದೆ, ಮನೆಯವರೇ ಉಳಿದಾಗ ಅವನನ್ನು ನೇರವಾಗಿ ಕೇಳಬಲ್ಲ.

ಈಗ ಇದು ಬೇರೆ ಬೇರೆ ರೂಪದಲ್ಲಿ ತುಂಬಾ ದೇಶಗಳಲ್ಲಿದೆ. ವಿಶ್ವಸಂಸ್ಥೆ 2002ರಲ್ಲಿ ಮೂಲ ತತ್ವಗಳನ್ನೇ ಬರೆದಿಟ್ಟಿತು. ಎರಡೂ ಕಡೆಯವರು ಸ್ವಂತ ಇಷ್ಟದಿಂದ ಒಪ್ಪಬೇಕು, ಯಾವಾಗ ಬೇಕಾದರೂ ಬೇಡ ಅನ್ನಬಹುದು ಅನ್ನುವುದು ಅದರಲ್ಲಿ ಮುಖ್ಯ.

ಹೊರಗಿನಿಂದ ನೋಡಿದವರಿಗೆ ಇದು ಸುಮ್ನೆ ಒಂದು ಕೋಣೆಯಲ್ಲಿ ಕುರ್ಚಿ ಹಾಕಿ ಮಾತಾಡಿಸುವುದು ಅನ್ನಿಸಬಹುದು. ನಿಜವಾದ ಕೆಲಸ ಆ ಕೋಣೆಗೆ ಬರುವ ಮುಂಚೆ ನಡೆಯುತ್ತದೆ. ಸಭೆ ನಡೆಸಿಕೊಡುವವರು ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ, ಬೇಕಾದರೆ ಮತ್ತೆ ಮತ್ತೆ, ಭೇಟಿಯಾಗುತ್ತಾರೆ. ತಪ್ಪು ಮಾಡಿದವನು ಅದನ್ನು ನಿಜವಾಗಿ ಒಪ್ಪಿದ್ದಾನಾ, ಇಲ್ಲಾ ಲಾಭಕ್ಕೆ ಒಪ್ಪುತ್ತಿದ್ದಾನಾ ಅಂತ ನೋಡುತ್ತಾರೆ. ಅವಳೇ ಬಾಗಿಲು ತೆರೆದಿಟ್ಟಿದ್ದಳು ಅನ್ನುವ ಮಾತು ಅವನ ಬಾಯಿಂದ ಇನ್ನೂ ಬರುತ್ತಿದ್ದರೆ ಸಭೆ ನಡೆಸುವುದಿಲ್ಲ. ಸಂತ್ರಸ್ತರನ್ನು ಕೇಳುತ್ತಾರೆ: ನಿಮಗೆ ಏನು ತಿಳಿಯಬೇಕು? ಅವನು ಏನು ಹೇಳಿದರೆ ನಿಮಗೆ ಜಾಸ್ತಿ ನೋವಾಗಬಹುದು? ಯಾರು ಪಕ್ಕದಲ್ಲಿರಬೇಕು? ಅವನು ಮೊದಲು ಒಳಗೆ ಬರಬೇಕಾ, ನೀವಾ? ಬಾಗಿಲಿಗೆ ಹತ್ತಿರದ ಕುರ್ಚಿ ಬೇಕಾ? ಮುಖ ನೋಡುವುದು ಬೇಡ ಅಂದರೆ ಪತ್ರದ ಮೂಲಕ ಆಗಬಹುದು, ಮಧ್ಯದವರ ಮೂಲಕ ಮಾತು ಮುಟ್ಟಿಸಬಹುದು. ಕುರ್ಚಿಯ ವಿಚಾರ ಓದಿದಾಗ ನನಗೆ ಗಂಟಲು ಕಟ್ಟಿತು. ಮೈಮೇಲೆ ಬಲವಂತ ಆದವರಿಗೆ, ಮನೆಗೆ ಕಳ್ಳ ನುಗ್ಗಿದವರಿಗೆ, ಕೈತಪ್ಪಿ ಹೋದದ್ದು ಇಂಥ ಸಣ್ಣ ಸಣ್ಣ ತೀರ್ಮಾನಗಳೇ ಅಲ್ವಾ?

ಕೊನೆಗೆ ಒಂದು ಒಪ್ಪಂದ ಆಗುತ್ತದೆ. ಅದರಲ್ಲಿ ಹಣ ಇರಬಹುದು, ಕುಡಿತ ಬಿಡಲು ಚಿಕಿತ್ಸೆ ಇರಬಹುದು, ಆ ಬೀದಿಗೆ ಕಾಲಿಡುವುದಿಲ್ಲ ಅನ್ನುವ ಮಾತಿರಬಹುದು. ಒಪ್ಪಂದದಂತೆ ನಡೆದನಾ ಅಂತ ಯಾರಾದರೂ ಬೆನ್ನು ಹತ್ತಿ ನೋಡಬೇಕು. ನೋಡದಿದ್ದರೆ ಸಂತ್ರಸ್ತರಿಗೆ ಮತ್ತೊಂದು ಮೋಸ ಆದ ಹಾಗೆ.

ಫಲ ಇದೆಯಾ? ಇದೆ, ಆದರೆ ಪವಾಡ ಇಲ್ಲ. ಇಂಗ್ಲೆಂಡಿನಲ್ಲಿ ಜೊವಾನಾ ಶಾಪ್‌ಲ್ಯಾಂಡ್ ಮತ್ತು ಜೊತೆಗಾರರು ಸರ್ಕಾರಕ್ಕಾಗಿ ದೊಡ್ಡ ಅಧ್ಯಯನ ಮಾಡಿದರು. ಮುಖಾಮುಖಿ ಸಭೆಗೆ ಬಂದ ಸಂತ್ರಸ್ತರಲ್ಲಿ 85 ಶೇಕಡಾ ಜನ ತೃಪ್ತಿ ಹೇಳಿದ್ದರು. ಲಾರೆನ್ಸ್ ಶರ್ಮನ್, ಹೆದರ್ ಸ್ಟ್ರಾಂಗ್ ಮತ್ತಿತರರು ಇಂಥ 10 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2013ರಲ್ಲಿ ವರದಿ ಕೊಟ್ಟರು. ಮತ್ತೆ ಅಪರಾಧ ಮಾಡುವುದು ಒಂದು ಮಟ್ಟಿಗೆ ಕಡಿಮೆಯಾಗುತ್ತದೆ, ಸಂತ್ರಸ್ತರ ಮನಸ್ಸಿಗೆ ಒಳ್ಳೆಯದಾಗುತ್ತದೆ ಅನ್ನುವುದು ಅದರ ಸಾರ. ಅದೇ ತಂಡ ಮುಂಚೆ ಕ್ಯಾನ್‌ಬೆರಾದಲ್ಲಿ ಮಾಡಿದ ಪ್ರಯೋಗದ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಯುವಕರ ಹಿಂಸೆಯ ಕೇಸುಗಳಲ್ಲಿ ಸಭೆ ಫಲ ಕೊಟ್ಟಿತು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರ ಕೇಸುಗಳಲ್ಲಿ ಅಂಥ ಫಲ ಕಾಣಲಿಲ್ಲ. ಅಲ್ಲಿ ಎದುರಿಗೆ ಕೂರುವ ಸಂತ್ರಸ್ತರೇ ಇರಲಿಲ್ಲ. ಕಾರಣ ಇದೇ ಇರಬೇಕು ಅಂತ ನನ್ನ ಅನಿಸಿಕೆ. ನಿನ್ನಿಂದ ನನಗೆ ಹೀಗಾಯಿತು ಅಂತ ಒಬ್ಬ ಮನುಷ್ಯ ಎದುರಿಗೆ ಕೂತು ಹೇಳುವುದನ್ನು ಉಪದೇಶದಿಂದ ತುಂಬಲು ಆಗುವುದಿಲ್ಲ.

ಇದು ಮೆತ್ತನೆ ಶಿಕ್ಷೆ ಅನ್ನುವವರಿಗೆ ನನ್ನ ಉತ್ತರವೂ ಅದೇ. ಜೈಲಿನಲ್ಲಿ ದಿನ ಕಳೆಯುವುದು ನರಕವೇ, ಆದರೆ ಅಲ್ಲಿ ತಾನು ಮಾಡಿದ್ದರ ಬಗ್ಗೆ ಒಂದು ಮಾತೂ ಆಡದೆ ವರ್ಷಗಳನ್ನು ಮುಗಿಸಬಹುದು. ನ್ಯೂಯಾರ್ಕಿನಲ್ಲಿ 2008ರಿಂದ ಕಾಮನ್ ಜಸ್ಟಿಸ್ ಅನ್ನುವ ಸಂಸ್ಥೆ ದರೋಡೆ, ಹಲ್ಲೆಯಂಥ ಗಂಭೀರ ಕೇಸುಗಳನ್ನೇ ತೆಗೆದುಕೊಳ್ಳುತ್ತದೆ. ಸಂತ್ರಸ್ತರು ಒಪ್ಪಿದರೆ ಮಾತ್ರ. ಹಾಗೆ ಕೇಳಿದಾಗ ಬಹುಪಾಲು ಜನ ಜೈಲಿನ ಬದಲು ಈ ದಾರಿಗೆ ಒಪ್ಪಿದ್ದಾರೆ ಅಂತ ಅದನ್ನು ಕಟ್ಟಿದ ಡೇನಿಯಲ್ ಸೆರೆಡ್ ಹೇಳುತ್ತಾರೆ. ಅವರೆಲ್ಲ ದೊಡ್ಡ ಮನಸ್ಸು ಮಾಡಿ ಒಪ್ಪುತ್ತಾರೆ ಅಂತ ತಿಳಿಯಬಾರದು. ಅವನು ಇನ್ನೊಬ್ಬರಿಗೆ ಹೀಗೆ ಮಾಡಬಾರದು, ನಾಳೆ ನನ್ನ ಎದುರಿಗೆ ಸಿಕ್ಕರೆ ನನಗೆ ಹೆದರಿಕೆ ಆಗಬಾರದು. ಇವು ಅವರ ಲೆಕ್ಕಾಚಾರ. ತುಂಬಾ ವ್ಯಾವಹಾರಿಕ ಲೆಕ್ಕಾಚಾರ.

ಇಲ್ಲಿಗೆ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಬಂತು. ಈ ವಿಷಯ ಬಂದಾಗಲೆಲ್ಲ ಕ್ಷಮೆಯ ಕಥೆಗಳೇ ಮುಂದೆ ಬರುತ್ತವೆ. ತಾಯಿ ಮಗನ ಕೊಲೆಗಾರನನ್ನು ಅಪ್ಪಿಕೊಂಡಳು, ಎಲ್ಲರೂ ಕಣ್ಣೀರು ಹಾಕಿದರು. ಅಂಥವು ನಡೆಯುತ್ತವೆ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡರೆ ಇಡೀ ಕೆಲಸ ಕೆಟ್ಟುಹೋಗುತ್ತದೆ.

ದಕ್ಷಿಣ ಆಫ್ರಿಕಾದ ಎರಡು ಮನೆಗಳನ್ನು ನೋಡಿ. ಏಮಿ ಬೀಲ್ ಅಮೆರಿಕದಿಂದ ಬಂದಿದ್ದ ವಿದ್ಯಾರ್ಥಿನಿ, ವರ್ಣಭೇದದ ವಿರುದ್ಧ ಇದ್ದವಳು. 1993ರಲ್ಲಿ ಕೇಪ್‌ಟೌನ್ ಹತ್ತಿರ ಗುಗುಲೆಟುವಿನಲ್ಲಿ ಗುಂಪೊಂದು ಅವಳನ್ನು ಕೊಂದಿತು. ವರ್ಣಭೇದದ ಆಡಳಿತ ಮುಗಿದ ಮೇಲೆ, ಆ ಕಾಲದ ಅಪರಾಧಗಳ ಸತ್ಯ ಹೊರತರಲು ಸತ್ಯ ಮತ್ತು ರಾಜಿ ಆಯೋಗ ಅಂತ ಕಟ್ಟಿದ್ದರು. ಶಿಕ್ಷೆಯಾದ ನಾಲ್ವರು ಅದಕ್ಕೆ ಮಾಫಿಗೆ ಅರ್ಜಿ ಹಾಕಿದಾಗ ಅವಳ ತಂದೆ ತಾಯಿ ವಿರೋಧಿಸಲಿಲ್ಲ. 1998ರಲ್ಲಿ ಮಾಫಿ ಸಿಕ್ಕಿತು. ಆಮೇಲೆ ಅವರಲ್ಲಿ ಇಬ್ಬರು, ಮಗಳ ಹೆಸರಿನಲ್ಲಿ ಆ ತಂದೆ ತಾಯಿ ಕಟ್ಟಿದ ಪ್ರತಿಷ್ಠಾನದಲ್ಲೇ ಕೆಲಸ ಮಾಡಿದರು.

ಇನ್ನೊಂದು ಮನೆ ಸ್ಟೀವ್ ಬಿಕೊ ಅವರದು. ವರ್ಣಭೇದದ ವಿರುದ್ಧ ಹೋರಾಡಿ, 1977ರಲ್ಲಿ ಪೊಲೀಸರ ವಶದಲ್ಲಿ ಸತ್ತವರು. ಅವರ ಮನೆಯವರು ಇತರ ಕುಟುಂಬಗಳ ಜೊತೆ ಸೇರಿ ಆ ಮಾಫಿಯ ಕಾನೂನನ್ನೇ ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ನಮಗೆ ಕೋರ್ಟು ಬೇಕು, ವಿಚಾರಣೆ ಬೇಕು ಅಂದರು. 1996ರಲ್ಲಿ ಸೋತರು. ಆದರೆ ಬಿಕೊ ಸಾವಿನ ಕೇಸಿನಲ್ಲಿ ಪೊಲೀಸರು ಹಾಕಿದ ಅರ್ಜಿಗಳನ್ನು ಆಯೋಗವೇ 1999ರಲ್ಲಿ ತಳ್ಳಿಹಾಕಿತು. ಮಾಫಿ ಬೇಕಾದರೆ ಪೂರ್ತಿ ಸತ್ಯ ಹೇಳಬೇಕು ಅನ್ನುವುದು ನಿಯಮ. ಅವರು ಹೇಳಿಲ್ಲ ಅಂತ ಆಯೋಗಕ್ಕೆ ಅನ್ನಿಸಿತು.

ಬೀಲ್ ದಂಪತಿಯನ್ನು ಲೋಕ ಹೊಗಳಿತು. ಬಿಕೊ ಮನೆಯವರಿಗೆ ರಾಜಿಗೆ ಒಪ್ಪದವರು ಅನ್ನುವ ಮಾತು ಬಂದಿರಬಹುದು. ನನ್ನ ಪ್ರಕಾರ ಎರಡೂ ಮನೆಯವರು ಸರಿ. ಕ್ಷಮೆ ಕೊಡುವುದು ಬಿಡುವುದು ನೋವು ಉಂಡವರ ಸ್ವಂತ ವಿಷಯ. ಅದನ್ನು ಕೇಳುವ ಅಧಿಕಾರ ಸರ್ಕಾರಕ್ಕಿಲ್ಲ, ಧರ್ಮಗುರುಗಳಿಗಿಲ್ಲ, ನನಗೂ ನಿಮಗೂ ಇಲ್ಲ. ಆ ಆಯೋಗಕ್ಕೆ 7,000ಕ್ಕೂ ಹೆಚ್ಚು ಮಾಫಿ ಅರ್ಜಿಗಳು ಬಂದಿದ್ದವು, 849 ಒಪ್ಪಿಗೆಯಾದವು. ಮಾಫಿ ಸಿಕ್ಕವರಲ್ಲಿ ಜೈಲಿನಲ್ಲಿದ್ದವರು ಬೇಗನೆ ಬಿಡುಗಡೆಯಾದರು. ಸಂತ್ರಸ್ತರಿಗೆ ಪರಿಹಾರ ಅಂತ ತಲಾ 30,000 ರ್‍ಯಾಂಡ್ ಘೋಷಣೆಯಾಗಿದ್ದು 2003ರಲ್ಲಿ. ಆಯೋಗ ಶಿಫಾರಸು ಮಾಡಿದ್ದಕ್ಕಿಂತ ಅದು ಬಹಳ ಕಡಿಮೆ. ಗಾಯ ಮಾಯಿಸುತ್ತೇವೆ ಅಂದವರು ಗಾಯವಾದವರನ್ನೇ ಕಾಯಿಸಿದರು. ಆಯೋಗ ಮಾಡಿದ ದೊಡ್ಡ ಕೆಲಸದ ಬಗ್ಗೆ ಗೌರವ ಇಟ್ಟುಕೊಂಡೇ ಇದನ್ನು ಹೇಳಬೇಕು.

ಕ್ಷಮೆ ಕೇಳುವ ಮಾತಿಗೂ ಇದೇ ಎಚ್ಚರಿಕೆ ಬೇಕು. ಆಸ್ಟ್ರೇಲಿಯಾದಲ್ಲಿ ಕ್ಯಾಥ್ಲೀನ್ ಡೇಲಿ ತಪ್ಪು ಮಾಡಿದ ಯುವಕರ ಇಂಥ ಸಭೆಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ಮನಸಾರೆ ಕ್ಷಮೆ ಕೇಳಿದೆ ಅಂತ ಹೇಳಿದ ಹುಡುಗರು ಜಾಸ್ತಿ, ಅದನ್ನು ನಂಬಿದ ಸಂತ್ರಸ್ತರು ಕಡಿಮೆ. ಹುಡುಗರು ಸುಳ್ಳು ಹೇಳಿರಬೇಕಾಗಿಲ್ಲ. ತಲೆ ತಗ್ಗಿಸಿ ಗೊಣಗಿದ ಒಂದು ಮಾತು ಎದುರಿಗಿದ್ದವರನ್ನು ತಲುಪದೇ ಹೋಗಿರಬಹುದು. ಶಿಕ್ಷೆ ಕಡಿಮೆ ಆಗಲಿ ಅಂತ ಹೇಳುತ್ತಿದ್ದಾನೆ ಅನ್ನುವ ಅನುಮಾನ ಇರುವವರೆಗೆ ಯಾವ ಮಾತೂ ತಲುಪುವುದು ಕಷ್ಟ. ಟೆಕ್ಸಸ್ ರಾಜ್ಯ 1990ರ ದಶಕದಲ್ಲಿ ಶುರು ಮಾಡಿದ ವ್ಯವಸ್ಥೆ ನನಗೆ ಹಿಡಿಸಿದ್ದು ಇದಕ್ಕೇ. ಅದು ಕೊಲೆಯಂಥ ಅತಿ ಗಂಭೀರ ಅಪರಾಧಗಳಿಗಾಗಿ ಇರುವುದು. ಸಂತ್ರಸ್ತರು ಅಥವಾ ಅವರ ಮನೆಯವರು ಕೇಳಿಕೊಂಡರೆ ಮಾತ್ರ ಶುರುವಾಗುತ್ತದೆ. ತಯಾರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಜೈಲಿನಲ್ಲಿರುವವನು ಕೂತು ಮಾತಾಡಿದ ಅಂತ ಅವನ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಅವನಿಗೆ ಲಾಭ ಇಲ್ಲದ ಕಡೆ ಅವನು ಆಡಿದ ಮಾತಿಗೆ ಬೆಲೆ ಇದೆ.

ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ನನಗೆ ಭಯವೇ ಜಾಸ್ತಿ. ಹೊಡೆಯುವ ಗಂಡಂದಿರು ಕ್ಷಮೆ ಕೇಳುವುದರಲ್ಲಿ ಪಳಗಿದವರು. ಹೊಡೆಯುವುದು, ಅಳುವುದು, ಕಾಲು ಹಿಡಿಯುವುದು, ಮತ್ತೆ ಹೊಡೆಯುವುದು. ಕ್ಷಮೆಯೂ ಆ ಹಿಂಸೆಯ ಒಂದು ಭಾಗ. ಅಂಥವನನ್ನು ಅವಳ ಎದುರಿಗೆ ಕೂರಿಸಿದರೆ ಒಂದು ಹುಬ್ಬು ಏರಿಸಿಯೇ ಅವಳ ಬಾಯಿ ಮುಚ್ಚಿಸಬಲ್ಲ, ನಡೆಸಿಕೊಡುವವರಿಗೆ ಅದು ಕಾಣಿಸುವುದೂ ಇಲ್ಲ. ಜೊತೆಗೆ ಹೊಂದಿಕೊಂಡು ಹೋಗಮ್ಮ ಅನ್ನುವ ಬಂಧುಗಳು. ವಿಶೇಷ ತರಬೇತಿ ಇರುವವರು, ಅವಳ ರಕ್ಷಣೆಗೆ ಗಟ್ಟಿ ಏರ್ಪಾಡು, ಪಕ್ಕದಲ್ಲಿ ಕೋರ್ಟಿನ ಬಲ, ಇವು ಮೂರೂ ಇಲ್ಲದ ಕಡೆ ಈ ಪ್ರಯೋಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಂಚಾಯಿತಿ ಮಾಡಿ ಮುಗಿಸಿಬಿಡಿ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಇದನ್ನು ಕೊಡಲೇಬಾರದು. ಮುಗಿಸುವವರಿಗೆ ಸದ್ದಡಗಬೇಕು. ಇಲ್ಲಿ ಸಂತ್ರಸ್ತರ ದನಿ ಏಳಬೇಕು.

ಹಾಗಂತ, ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ತಾನಾಗಿ ಮುಂದೆ ಬಂದು, ಅವನನ್ನು ನಾನು ಕೇಳಬೇಕು ಅಂದರೆ? ನಿನಗೆ ಇದು ಒಳ್ಳೆಯದಲ್ಲ ಅಂತ ಬಾಗಿಲು ಮುಚ್ಚುವ ಹಕ್ಕೂ ನಮಗಿಲ್ಲ. ಅವಳ ಪರವಾಗಿ ಬೇರೆಯವರು ತೀರ್ಮಾನ ತೆಗೆದುಕೊಂಡಿದ್ದು ಈಗಾಗಲೇ ಸಾಕಷ್ಟಾಗಿದೆ.

ಒಂದು ಕೊರತೆ ಮಾತ್ರ ಈ ವ್ಯವಸ್ಥೆಯ ಬುಡದಲ್ಲೇ ಇದೆ. ಇದಕ್ಕೆ ಎದುರಿಗೆ ಕೂರುವ, ತಪ್ಪನ್ನು ಒಪ್ಪಿಕೊಂಡ ಒಬ್ಬ ಮನುಷ್ಯ ಬೇಕು. ಎಷ್ಟೋ ಅಪರಾಧಗಳಲ್ಲಿ ಯಾರೂ ಸಿಗುವುದೇ ಇಲ್ಲ. ಸಿಕ್ಕರೂ ಕೊನೆಯವರೆಗೆ ಒಪ್ಪದವರು ಇದ್ದಾರೆ. ಸತ್ತುಹೋದವರೂ ಇದ್ದಾರೆ. ಕೆಲವು ಜೈಲುಗಳಲ್ಲಿ ಬೇರೆ ಕೇಸಿನ ಕೈದಿಗಳ ಜೊತೆ ಸಂತ್ರಸ್ತರನ್ನು ಕೂರಿಸಿ ಮಾತಾಡಿಸುವ ಸೈಕಮೋರ್ ಟ್ರೀಯಂಥ ಕಾರ್ಯಕ್ರಮಗಳಿವೆ. ಕಳ್ಳತನವಾದ ಮನೆಯವರು ಇನ್ಯಾರದೋ ಮನೆಗೆ ನುಗ್ಗಿದವನನ್ನು ಕೇಳಬಹುದು: ಮನೆಯನ್ನು ಹೇಗೆ ಆರಿಸುತ್ತೀಯ, ಒಳಗೆ ಮಲಗಿರುವವರ ಬಗ್ಗೆ ಏನು ಯೋಚಿಸುತ್ತೀಯ? ಸ್ವಲ್ಪ ಸಮಾಧಾನ ಅದರಿಂದಲೂ ಸಿಗಬಹುದು. ಎಲ್ಲರಿಗೂ ಸಾಕಾಗುವುದಿಲ್ಲ.

ಸಂತ್ರಸ್ತರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1985ರಲ್ಲಿ ಒಂದು ಘೋಷಣೆ ಹೊರಡಿಸಿತ್ತು. ಅಪರಾಧಿ ಯಾರೆಂದು ಗೊತ್ತಾಗದಿದ್ದರೂ, ಸಿಗದಿದ್ದರೂ, ಶಿಕ್ಷೆಯಾಗದಿದ್ದರೂ ನೋವಾದವರು ಸಂತ್ರಸ್ತರೇ ಅಂತ ಅದರ ಆರಂಭದಲ್ಲೇ ಇದೆ. ಹಾಗಾದರೆ ಮನಸ್ಸಿನ ಚಿಕಿತ್ಸೆ, ನಷ್ಟ ತುಂಬಲು ಹಣ, ಬೀಗ ಬದಲಿಸಿಕೊಡುವುದು, ತನಿಖೆ ಎಲ್ಲಿಗೆ ಬಂತು ಅಂತ ಫೋನ್ ಮಾಡಿ ತಿಳಿಸುವುದು, ಇವು ಯಾವುದಕ್ಕೂ ಬಂಧನ ಆಗುವವರೆಗೆ ಕಾಯಬೇಕಾಗಿಲ್ಲ. ಸಭೆ ನಡೆಸಿಕೊಡುವವರಿಗೆ ತರಬೇತಿ ಕೊಡಲು ಹಣ ಎತ್ತಿಡುವ ಸರ್ಕಾರಗಳು, ಯಾರೂ ಸಿಕ್ಕಿಬೀಳದ ಕೇಸುಗಳ ಜನರಿಗೂ ಅದೇ ಪಟ್ಟಿಯಲ್ಲಿ ಹಣ ಇಡಬೇಕು.